ಗಟ್ಟಿಯಾಗಿ ಹೇಳಿದ ಉಪಕಾರ

ದೇವರು ಮಾಡಿದ ಉಪಕಾರವನ್ನು ಬಾಯಿಬಿಟ್ಟು ಹೇಳಬೇಕೆಂದು ಮಗಳಿಗೆ ಕಲಿಸಿದವಳು ನಾನೇ. ಡೊಂಬಿವಲಿಯ ನಮ್ಮ ಮನೆಯಲ್ಲಿ ಲೋಕಲ್ ರೈಲಿನಲ್ಲಿ ಸೀಟು ಸಿಕ್ಕಿದ್ದನ್ನೂ ದೀಪದ ಮುಂದೆ ಹೇಳುತ್ತೇವೆ.

ನರ್ಸಿಂಗ್ ಮುಗಿಸಿ ಅವಳು ಥಾಣೆಯ ಆಸ್ಪತ್ರೆಯೊಂದರ ಎಮರ್ಜೆನ್ಸಿಗೆ ಸೇರಿ ಎರಡು ವಾರವಾಗಿತ್ತು. ಅಂದು ಬೆಳಗಿನ ಪಾಳಿಯಲ್ಲಿ ಹಾಸಿಗೆಗಳೆಲ್ಲ ಖಾಲಿ. "ದೇವರ ದಯೆ, ಇವತ್ತು ಶಾಂತವಾಗಿದೆ" ಎಂದು ಇವಳು ಗಟ್ಟಿಯಾಗಿ ಹೇಳಿಬಿಟ್ಟಳು. ಹಾಗೆ ಹೇಳಿದರೆ ರೋಗಿಗಳು ನುಗ್ಗುತ್ತಾರೆಂದು ಅಲ್ಲಿಯವರ ನಂಬಿಕೆ. ಹೊಸಬಳಿಗೆ ಅದನ್ನು ಯಾರೂ ತಿಳಿಸಿರಲಿಲ್ಲ.

ಗಂಟೆಯೊಳಗೆ ಕಾರ್ಖಾನೆಯೊಂದರಲ್ಲಿ ಸುಟ್ಟುಕೊಂಡ ಮೂವರನ್ನು ತಂದರು. ಒಬ್ಬ ಇವಳ ಕೈ ಹಿಡಿದುಕೊಂಡೇ ಪ್ರಾಣ ಬಿಟ್ಟ.

ಹಿರಿಯ ಸಿಸ್ಟರ್ ಎಲ್ಲರೆದುರು, "ಏ ಪನೌತಿ, ತೂನೇ ಬುಲಾಯಾ, ಅಬ್ ತೂ ಹೀ ಸಂಭಾಲ್" ಎಂದು ಹೆಣಕ್ಕೆ ಬಟ್ಟೆ ಸುತ್ತುವ ಕೆಲಸವನ್ನು ಇವಳೊಬ್ಬಳಿಗೇ ಬಿಟ್ಟರಂತೆ. ಪನೌತಿ ಎಂದರೆ ಅಪಶಕುನದವಳು; ನೀನೇ ಕರೆದದ್ದು, ಈಗ ನೀನೇ ನೋಡಿಕೋ ಎಂದು ಆ ಮಾತಿನ ಅರ್ಥ. ಅಂದಿನಿಂದ ಅದೇ ಅವಳ ಹೆಸರಾಯಿತು. ಕೆಲಸ ಕಲಿಸಬೇಕಾದವರು ಹತ್ತಿರ ಸೇರಿಸಲಿಲ್ಲ.

ಒಂದು ಸಂಜೆ ಅವಳು ಅಡುಗೆಮನೆಯ ನೆಲದಲ್ಲಿ ಕುಳಿತು ಅತ್ತಳು. "ಅಮ್ಮ, ನಾಳೆಯಿಂದ ನಾನು ಹೋಗುದಿಲ್ಲ."

ನಾನು ತಲೆ ಸವರಬೇಕಿತ್ತು. "ಅಷ್ಟು ಗಟ್ಟಿಯಾಗಿ ಹೇಳ್ಲಿಕ್ಕೆ ಯಾಕೆ ಹೋದೆ ಮಾರಾಯ್ತಿ?" ಎಂದೆ.

ಅಳು ಥಟ್ಟನೆ ನಿಂತಿತು. "ತುಮ್ ಭೀ, ಅಮ್ಮ?" ನೀನೂ ಹಾಗೇ ಹೇಳುತ್ತೀಯಾ ಎಂದು ಆಸ್ಪತ್ರೆಯ ಹಿಂದಿಯಲ್ಲೇ ಕೇಳಿದವಳು ಎದ್ದು ಯೂನಿಫಾರ್ಮ್ ಇಸ್ತ್ರಿ ಮಾಡಲು ಹೋದಳು.

ಮರುದಿನ ಕೆಲಸಕ್ಕೆ ಹೋದಳು, ಈಗಲೂ ಹೋಗುತ್ತಿದ್ದಾಳೆ. ಆ ಉಪಕಾರವನ್ನು ದಿನವೂ ದೇವರಿಗೆ ಹೇಳುತ್ತೇನೆ, ಮನಸ್ಸಿನಲ್ಲೇ. ಅವಳು ಮಾತ್ರ ದೀಪದ ಹತ್ತಿರ ಬರುವುದಿಲ್ಲ. ಆಸ್ಪತ್ರೆಯಲ್ಲಿ ಏನಾಯಿತೆಂದು ಕೇಳಿದರೆ, ಏನೂ ಇಲ್ಲ ಎಂಬುದನ್ನೂ ಹಿಂದಿಯಲ್ಲೇ, "ಕುಛ್ ನಹೀ" ಎನ್ನುತ್ತಾಳೆ.