ಬಂದರಿನ ತೋಪು ಕಾಯ್ದ ಚಾಚಾ

ದೀಪಾವಳಿಯ ಪಟಾಕಿ ಹಾರುವಾಗ ನಾವೆಲ್ಲ ಕಿವಿ ಮುಚ್ಚಿಕೊಂಡರೆ, ಎದುರುಮನೆಯ ಚಾಚಾ ಕಿವಿಯನ್ನೂ ಮುಚ್ಚಿ ಬಾಯಿಯನ್ನೂ ಅಗಲವಾಗಿ ತೆರೆಯುತ್ತಿದ್ದರು. ಮುರಿದ ಮುಂದಿನ ಹಲ್ಲು ಕಂಡು ಮಕ್ಕಳು ನಗುತ್ತಿದ್ದವು. “ನಗಬ್ಯಾಡ್ರಿ, ನೀವೂ ತೆಗೀರಿ. ಇಲ್ಲಂದ್ರ ಕಿವಿ ತಮಟಿ ಹರೀತೈತಿ” ಎನ್ನುತ್ತಿದ್ದರು.

ಹರೆಯದಲ್ಲಿ ಅವರು ಪಡುವಣ ಕಡಲಿನ ಒಂದು ಬಂದರಿನಲ್ಲಿ, ಗುಡ್ಡದ ಮೇಲಿನ ಫಿರಂಗಿ ದಳದಲ್ಲಿದ್ದವರು. ಕಾನ್ವೆಂಟಿನಲ್ಲಿ ನಾನು ಓದಿದ ಚರಿತ್ರೆಯಲ್ಲಿ ಅದರ ಸುದ್ದಿಯೇ ಇರಲಿಲ್ಲ. ನನಗೆ ಗೊತ್ತಿರುವುದೆಲ್ಲ ಚಾಚಾ ಹೇಳಿದ್ದೇ. ಬ್ರಿಟಿಷರು ಕಡಲಿಗೆ ಮುಖಮಾಡಿ ಕೂರಿಸಿದ ತೋಪುಗಳು. ಉಪ್ಪುಗಾಳಿಗೆ ತುಕ್ಕು ಹಿಡಿಯದಂತೆ ದಿನಾ ಬೆಳಿಗ್ಗೆ ಎಣ್ಣೆಬಟ್ಟೆಯಿಂದ ಒರೆಸಬೇಕು. ಕ್ಷಿಪಣಿಗಳು ಬಂದ ಮೇಲೆ ಅವು ಯಾರಿಗೂ ಬೇಡವಾದವು, ದಳವನ್ನೂ ಮುಚ್ಚಿದರು. ನಮ್ಮ ಪಾರ್ವತಿನಗರಕ್ಕೆ ಬಂದ ಮೇಲೂ ಚಾಚಾ ತಮ್ಮ ಗೇಟಿನ ಸರಳುಗಳನ್ನು ಹಾಗೆಯೇ ಒರೆಸುತ್ತಿದ್ದರು.

“ವೈರಿ ಹಡಗು ಬರಲಿಲ್ಲ, ತೋಪು ಹಾರಲಿಲ್ಲ, ಪಗಾರ ಮಾತ್ರ ತಪ್ಪಲಿಲ್ಲ!” ಎಂದು ಚಾಚಿ ಛೇಡಿಸುತ್ತಿದ್ದರು.

“ತೋಪು ಐತಿ ಅಂತನ ಬರಲಿಲ್ಲ. ಒಮ್ಮಿ ತೋರಸ್ತೀನಿ ಬಾ, ಆಮ್ಯಾಲ ಮಾತಾಡು.”

ಚಾಚಿ ನೋಡಿ ಒಪ್ಪಬೇಕು ಎಂಬುದೊಂದೇ ಅವರ ಆಸೆ. ಮಗಳ ಮದುವೆಯಾದ ಮೇಲೆ ಇಬ್ಬರೂ ರೈಲು ಹತ್ತಿದರು.

ಮರಳಿದ ದಿನ ಚಾಚಿ ಓಣಿಗೆಲ್ಲ ಗೋಡಂಬಿ ಹಂಚಿದರು. “ನೋಡಿದ್ನಲ್ಲ! ಒಂದೊಂದು ನಮ್ಮ ಮನಿ ಉದ್ದ ಅದಾವ. ಇವತ್ತಿಗೂ ಎಣ್ಣಿ ಒರಸ್ತಾರ.” ಗೇಟಿನ ಬಳಿ ನಿಂತಿದ್ದ ಚಾಚಾ ಒಮ್ಮೆ ಹೆಂಡತಿಯ ಮುಖ ನೋಡಿ, ಚಪ್ಪಲಿ ಬಿಟ್ಟು ಒಳಗೆ ಹೋದರು.

ಆಮೇಲೆ ಅವರ ಬಾಯಲ್ಲಿ ತೋಪಿನ ಮಾತಿಲ್ಲ. ಮಕ್ಕಳು ಕೇಳಿದರೆ, “ನಿಮ್ಮ ಚಾಚಿನ್ನ ಕೇಳ್ರಿ, ಆಕಿ ನೋಡ್ಯಾಳ.” ಆಸೆ ತೀರಿತು, ಅದಕ್ಕೇ ಸುಮ್ಮನಾದರು ಎಂದುಕೊಂಡೆ.

ಹೋದ ವರ್ಷ ಚಾಚಾ ತೀರಿಕೊಂಡರು. ಚಾಚಿಯ ಪಕ್ಕ ಚಾಪೆಯ ಮೇಲೆ ಕುಳಿತಿದ್ದಾಗ ಅವರೇ ಮಾತು ತೆಗೆದರು.

“ಅಲ್ಲಿ ಏನೂ ಇರಲಿಲ್ಲ ಬೇಟಿ. ಗುಡ್ಡಾನ ಕಡಿದು ಸಪಾಟ ಮಾಡ್ಯಾರ. ಬರೇ ಕಂಟೇನರು, ಪೆಟಿಗಿ ಮ್ಯಾಲ ಪೆಟಿಗಿ. ಇವರು ಕಾಲಿಲೆ ನೆಲ ಒತ್ತಿ ಒತ್ತಿ ಹುಡುಕಿದ್ರು. ‘ತೋಪಾ? ಈ ಜಾಗದಾಗಾ?’ ಅಂತ ಕಾವಲಿನವ ನಕ್ಕುಬಿಟ್ಟ. ಓಣ್ಯಾಗೂ ಮಂದಿ ನಗಬಾರದಂತ ನಾ ಹಂಗಂದೆ. ಆದ್ರ ಇವರು, ನಾನೂ ನಂಬಿಲ್ಲ, ಅದಕ್ಕ ಸುಳ್ಳು ಹೇಳೀನಿ ಅಂತ ತಿಳಕೊಂಡ್ರು.”

ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದರು.

“ನಾ ನಂಬಿದ್ದೆ, ಬೇಟಿ. ಮದುವಿ ಆದಾಗಿಂದ ನಂಬಿದ್ದೆ. ಅದೊಂದು ಅವರಿಗೆ ಹೇಳಲೇ ಇಲ್ಲ.”