ಓಣಿ ಸುತ್ತಿದ ಗಾದಿ ಕುರ್ಚಿ

ಹೂವಿನಹಡಗಲಿಯ ನಮ್ಮ ಓಣಿ ಬಡವರ ಓಣಿ ಅಲ್ಲವಂತೆ. ಸರ್ಕಾರದ ಲೆಕ್ಕ ಹಾಗೆ ಹೇಳುತ್ತದೆ. ಆ ಲೆಕ್ಕ ಹುಟ್ಟಿದ್ದು ಒಂದು ಗಾದಿ ಕುರ್ಚಿಯಿಂದ. ಅದನ್ನು ಹೊತ್ತವಳು ನಾನೇ, ನನಗೆ ಗೊತ್ತಿಲ್ಲವೇ?

ನಮ್ಮಲ್ಲಿ ಯಾರ ಮನೆಗೆ ಹೆಣ್ಣು ನೋಡಲು ಬಂದರೂ ಓಣಿಯ ಒಳ್ಳೆಯ ಸಾಮಾನೆಲ್ಲ ಆ ಮನೆ ಸೇರುತ್ತದೆ. ಮೂಲೆಮನೆಯ ಗಾದಿ ಕುರ್ಚಿ, ಇನ್ನೊಬ್ಬರ ಟೇಬಲ್ ಫ್ಯಾನು, ಮತ್ತೊಬ್ಬರ ಮಿಕ್ಸಿ. ಬಂದವರ ಮುಂದೆ ಮಾನ ಹೋಗಬಾರದು, ಅಷ್ಟೇ. ಮನೆಮನೆ ಸರ್ವೆಗೆ ಶಾಲೆಯ ಮಾಸ್ತರು ಬರುತ್ತಾರೆ ಅಂದಾಗಲೂ ನಮ್ಮ ಹೆಂಗಸರು ಅದನ್ನೇ ಮಾಡಿದರು. ಮಾಸ್ತರು ಎದ್ದು ಚಪ್ಪಲಿ ಮೆಟ್ಟುವಷ್ಟರಲ್ಲಿ ಹಿತ್ತಲಿಂದ ಕುರ್ಚಿ ಹೊತ್ತು ಮುಂದಿನ ಮನೆಗೆ ಓಡುವುದು ನನ್ನ ಪಾಲಿನ ಕೆಲಸ.

ಅವರಿಗೆ ತಿಳಿಯಲಿಲ್ಲವೇ? ತಿಳಿಯದೆ ಏನು! ನಮ್ಮ ಮನೆಯಲ್ಲಿ ಅದೇ ಕುರ್ಚಿ ಕಂಡು ನಕ್ಕರು.

“ನನಗಿಂತ ಮೊದ್ಲ ಬಂದು ಕುಂತೈತಲ್ಲ ಇದು!”

ಅವ್ವನಿಗೆ ನಾಚಿಕೆಯಾಯಿತು. ನಿಜ ಹೇಳಿಬಿಟ್ಟಳು.

“ಕುರ್ಚಿ, ಫ್ಯಾನು ಯಾವೂ ನಮ್ವಲ್ರಿ ಸರ. ನಳ ಐತಿ, ನೀರು ಬರಂಗಿಲ್ಲ. ಅದನ್ನಷ್ಟು ಬರ್ಕೊಳ್ರಿ.”

“ನಾ ಕಣ್ಣಿಗೆ ಕಂಡಿದ್ದು ಬರಿಯಾವ. ನಳ ಕಾಣ್ತೈತಿ, ಬರ್ದೆ” ಅಂದು ಚಹಾ ಮುಗಿಸಿ ಎದ್ದರು.

ಹೊಸ ನೀರಿನ ಪೈಪು ಹಿಂದಿನ ಓಣಿಗೆ ಬಂತು, ಮುಂದಿನ ಓಣಿಗೆ ಬಂತು. ಎಲ್ಲ ಇದ್ದವರ ಓಣಿಗೆ ಯಾಕೆ ಬೇಕು? ಅವ್ವ ಹಿಂದಿನ ಓಣಿಯಿಂದ ನೀರು ಹೊತ್ತಳು. ಒಂದು ದಿನ ಅಲ್ಲೇ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಅಂದಿನಿಂದ ಮಂಚವೇ ಗತಿ. ನಾನು ಮಲ್ಲಿಗೆ ಕಟ್ಟುತ್ತ ಕೂತಾಗಲೆಲ್ಲ ಮಾಸ್ತರಿಗೆ ಶಾಪ ಹಾಕುತ್ತಿದ್ದೆ. ಬಾಯಲ್ಲಿ ಬರಬಾರದ ಮಾತುಗಳೂ ಬರುತ್ತಿದ್ದವು.

ಮಾಸ್ತರು ನಿವೃತ್ತರಾಗಿ ಮನೆ ಕಟ್ಟಿಸಿದ್ದು ನಮ್ಮ ಓಣಿಯ ತುದಿಯಲ್ಲೇ. ಒಳ್ಳೆಯ ಓಣಿ ಅಂತ ಅವರೇ ಬರೆದಿದ್ದರಲ್ಲ! ಈ ಬೇಸಿಗೆಯಲ್ಲಿ ಅವರ ಬೋರು ಬತ್ತಿತು. ಉರಿಬಿಸಿಲಲ್ಲಿ ಖಾಲಿ ಕೊಡ ಹಿಡಿದು ನಮ್ಮ ಬಾಗಿಲಿಗೆ ಬಂದರು.

“ತಂಗಿ, ನಳದಾಗ ಹನಿ ನೀರಿಲ್ಲ. ಒಂದು ಕೊಡ ಕೊಡವ್ವ.”

ಸುಳ್ಳು ಯಾಕೆ ಹೇಳಲಿ, ನನ್ನ ಹೊಟ್ಟೆ ತಣ್ಣಗಾಯಿತು.

“ನಳ ಐತಲ್ರಿ ಸರ ನಿಮ್ಮನ್ಯಾಗ. ಇಲ್ಲಿಂದನ ಕಾಣ್ತೈತಿ.”

ಒಳಗಿನಿಂದ ಅವ್ವ ಕೇಳಿದಳು, “ಯಾರವ್ವ ಬಂದಾರ?”

“ಸರ್ವೆ ಮಾಸ್ತರು.”

ಬಾಗಿಲಿಗೆ ಯಾರೇ ಬರಲಿ, ಮೊದಲು ನೀರು ಕೊಡು ಅನ್ನುವವಳು ನಮ್ಮವ್ವ. ಈ ಸಲ ನೀರಿನ ಮಾತೆತ್ತಲಿಲ್ಲ.

“ಕುರ್ಚಿ ಹಾಕು” ಅಂದಳು.

ಮೂಲೆಮನೆಗೆ ಹೋಗಿ ಅದೇ ಗಾದಿ ಕುರ್ಚಿ ಹೊತ್ತು ತಂದು ಅವರ ಮುಂದಿಟ್ಟೆ. ಗಾದಿ ಹರಿದು ಹತ್ತಿ ಹೊರಬಂದಿತ್ತು. ಅವರು ಕೂರಲಿಲ್ಲ. ಬಾಗಿಲೊಳಗೆ ಟ್ಯಾಂಕರಿನಿಂದ ಹಿಡಿದ ನೀರು ಡ್ರಮ್ಮಿನ ತುಂಬ ಇತ್ತು. ಅದು ಅವರ ಕಣ್ಣಿಗೂ ಕಾಣುತ್ತಿತ್ತು.