ಕಿತ್ತಳೆ ಸಿಪ್ಪೆಯ ಗೊಜ್ಜು

ಮೊಳಕಾಲ್ಮೂರಿನಲ್ಲಿ ನಮ್ಮ ಪಕ್ಕದ ಮನೆಯ ನೇಕಾರರ ಹೆಂಡತಿಗೆ ಕಿತ್ತಳೆ ಹಣ್ಣಿಗಿಂತ ಅದರ ಸಿಪ್ಪೆಯ ಮೇಲೇ ಪ್ರೀತಿ. ಯಾರ ಮನೆಗೆ ಬಳ್ಳಾರಿಯಿಂದ ಹಣ್ಣು ಬಂದರೂ ಸೆರಗೊಡ್ಡಿ ನಿಲ್ಲುತ್ತಿದ್ದರು: “ಎಸೀಬ್ಯಾಡ್ರಿ, ನಂಗೆ ಬೇಕೈತೆ.” ಹುಣಸೆ, ಬೆಲ್ಲ, ಮೆಣಸಿನಕಾಯಿ ಹಾಕಿ ಕುದಿಸಿದ ಅವರ ಗೊಜ್ಜು ತಿಂಗಳಾದರೂ ಕೆಡುತ್ತಿರಲಿಲ್ಲ.

ಹಿತ್ತಲ ಒಲೆಯಲ್ಲೇ ರೇಷ್ಮೆಯ ಬಣ್ಣವೂ ಕಾಯುತ್ತಿತ್ತು, ಗೊಜ್ಜೂ ಕುದಿಯುತ್ತಿತ್ತು. ಒಮ್ಮೆ ನೆಗಡಿಯಿಂದ ಮೂಗು ಕಟ್ಟಿದ್ದ ಗಂಡ ಬಣ್ಣವೆಂದುಕೊಂಡು ಬಿಳಿ ರೇಷ್ಮೆಯ ಲಡಿಯನ್ನು ಗೊಜ್ಜಿನಲ್ಲಿ ಅದ್ದಿಬಿಟ್ಟರು. ಹೆಂಡತಿ ಓಡಿ ಬಂದಾಗ ಗಂಡನ ಮುಖ ಬಾಡಿತು.

“ಎರಡೂ ಹಾಳಾದ್ವಲ್ಲೇ! ತಿಪ್ಪೆಗೆ ಹಾಕ್ತೀನಿ.”

“ಎಸೀಬ್ಯಾಡ್ರಿ!” ಎಂದು ನಗುತ್ತ ಆಕೆ ಲಡಿಯನ್ನು ಗಡಿಗೆಯೊಳಕ್ಕೇ ಹಿಂಡಿದರು.

ಆ ರೇಷ್ಮೆ ಅವರ ಸೀರೆಯ ಅಂಚಾಯಿತು. ಅದನ್ನುಟ್ಟು ಮದುವೆಯೂಟಕ್ಕೆ ಕೂತರೆ, ಪಕ್ಕದ ಎಲೆಯವರು ಬಡಿಸುವವರನ್ನು ಕೂಗುತ್ತಿದ್ದರು: “ಇಲ್ಲಿಗೆ ಗೊಜ್ಜು ಬರ್ಲಿಲ್ಲ ನೋಡ್ರಿ!”